ಬಿಸಿಯಾದ ಅಂಬಾಸಿಡರ್ ನಿಂತಾಗ ಕಿಡಿ ಹುಡುಕುವುದು ಹೇಗೆ?

ಹಳೇ ಪೆಟ್ರೋಲ್ ಅಂಬಾಸಿಡರ್ ಘಾಟಿಯಲ್ಲಿ ಗಕ್ಕನೆ ನಿಂತರೆ ಎಲ್ಲರೂ ಮೊದಲು ಬೈಯುವುದು ಪೆಟ್ರೋಲ್ ಪಂಪನ್ನು. ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಅರ್ಧ ಗಂಟೆ ಕಾದು, ಗಾಡಿ ಸ್ಟಾರ್ಟ್ ಆದ ಕೂಡಲೇ 'ನೋಡಿದ್ರಾ' ಅನ್ನುತ್ತಾರೆ. ಅಷ್ಟರಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿಗೆ ಜೋರು ಕರೆಂಟ್ ಕೊಡುವ ಕಾಯಿಲ್ಲೂ, ಅದಕ್ಕೆ ನೆರವಾಗುವ ಪುಟ್ಟ ಡಬ್ಬಿ ಕಂಡೆನ್ಸರ್ರೂ ತಣ್ಣಗಾಗಿರುತ್ತವೆ ಅಲ್ವಾ? ಅದಕ್ಕೇ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಕಿಡಿ ಬರುತ್ತಿದೆಯಾ ನೋಡಬೇಕು.

ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಈ ಕೆಲಸವೇ ಬೇಡ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ, ನಡುವಿನ ದಪ್ಪ ವೈರ್ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಎಂಜಿನ್ ಕಬ್ಬಿಣದಿಂದ 5-6 ಮಿ.ಮೀ. ದೂರದಲ್ಲಿಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ.

ಚಟ್ ಚಟ್ ಅಂತ ನೀಲಿ ಕಿಡಿ ಬಂತಾ? ಹಾಗಾದರೆ ಕಾಯಿಲ್, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕೂಡಿ, ಬಿಟ್ಟು ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್ಚು), ಕಂಡೆನ್ಸರ್ ಸರಿ ಇವೆ. ಕ್ಯಾಪ್ ಬಿಚ್ಚಿ, ಒಳಗೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ, ಬಿರುಕು, ತೇವ ಇವೆಯಾ ನೋಡಿ. ಮಳೆಗಾಲದಲ್ಲಿ ಒಣಬಟ್ಟೆಯಲ್ಲಿ ಒರೆಸಿದರೇ ಎಷ್ಟೋ ಸಲ ಸಾಕು. ನಂತರ ಆ ದಪ್ಪ ವೈರನ್ನು ಕ್ಯಾಪಿನಡಿ ತಿರುಗುವ ರೋಟರಿನ ಹಿತ್ತಾಳೆಯ ಹತ್ತಿರ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಕಿಡಿ ರೋಟರಿಗೆ ಹಾರುತ್ತಲೇ ಇದ್ದರೆ ರೋಟರ್ ಒಳಗೇ ಅರ್ಥ್ ಆಗುತ್ತಿದೆ, ಅಂದರೆ ಕರೆಂಟು ಎಂಜಿನ್ ಕಬ್ಬಿಣಕ್ಕೆ ಸೋರುತ್ತಿದೆ, ಬಿಸಾಕಿ. ಹೊರಗಿನಿಂದ ಅದು ಹೊಸದರ ಹಾಗೇ ಕಾಣಬಹುದು!

ಕಿಡಿಯೇ ಇಲ್ಲ, ಇಲ್ಲವೇ ಹಳದಿಯಾಗಿ ಸೊರಗಿದೆ ಅಂದರೆ 12 ವೋಲ್ಟಿನ ಬಲ್ಬ್ ತೆಗೆದುಕೊಳ್ಳಿ. ಒಂದು ವೈರ್ ಗಾಡಿಯ ಬಾಡಿಯ ಕಬ್ಬಿಣಕ್ಕೆ, ಇನ್ನೊಂದು ಕಾಯಿಲಿನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರಿನ ಟರ್ಮಿನಲ್ಲಿಗೆ. ಸೆಲ್ಫ್ ಹೊಡೆದಾಗ ಬಲ್ಬ್ ಮಿಣುಕಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ. ಉರಿಯುತ್ತಲೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ ಅಥವಾ ಕೊಳೆಯಾಗಿದೆ. ಉರಿಯದೇ ಇದ್ದರೆ ಕಾಯಿಲಿಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಪಾಯಿಂಟ್, ಕಂಡೆನ್ಸರ್ ಯಾವುದೋ ಒಂದು ಶಾರ್ಟ್ ಆಗಿದೆ.

ಬಲ್ಬ್ ಮಿಣುಕಿಯೂ ಕಿಡಿ ಸೊರಗಿದ್ದರೆ ನನ್ನ ಗುಮಾನಿ ಮೊದಲು ಕಂಡೆನ್ಸರ್ ಮೇಲೆ. ಪಾಯಿಂಟಿನ ಮುಖ ಸುಟ್ಟು ಕಪ್ಪಾಗಿದ್ದರಂತೂ ಗುಮಾನಿ ಜಾಸ್ತಿ. ಹಳೆಯದರ ವೈರ್ ಬಿಚ್ಚಿ, ಬೇರೊಂದನ್ನು ಹೊರಗಿನಿಂದಲೇ ಆ ಸಣ್ಣ ಟರ್ಮಿನಲ್ಲಿಗೆ ಕಟ್ಟಿ, ಅದರ ಡಬ್ಬಿಯನ್ನು ಬಾಡಿಯ ಕಬ್ಬಿಣಕ್ಕೆ ತಾಗಿಸಿ ನೋಡಿ. ಆಗಲೂ ಸುಧಾರಿಸದಿದ್ದರೆ ಕಾಯಿಲ್ ಬದಲಿಸಿ ನೋಡಿ. ತಣ್ಣಗಿರುವಾಗ ಮೀಟರಿನಲ್ಲಿ ಸುಮಾರು 3 ಓಮ್ ತೋರಿಸುವ ಕಾಯಿಲ್ಲೂ ಬಿಸಿಯಲ್ಲಿ ಕೈಕೊಡುತ್ತದೆ.

ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಹೊಸ ಕಂಡೆನ್ಸರ್ರೇ ಕೆಟ್ಟಿರುವುದೂ ಉಂಟು. ನೀವು ಪಾಯಿಂಟಿಗೆ ಕೈ ಹಾಕಿದ್ದರೆ ಮಾತ್ರ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) 0.015 ಇಂಚು ಗ್ಯಾಪ್ ಇಟ್ಟು, ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ನೋಡಿ, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ.