ಬೆಂಡು ಮಲಗಿದಾಗ

ಮೊದಲ ಎರಡು ವರ್ಷ ನಾನೂ ಕತ್ತಲಲ್ಲೇ ಎದ್ದು ಕೆರೆಗೆ ಗಾಳ ಹಾಕಲು ಹೋಗುತ್ತಿದ್ದೆ. ಮಾಘದ ಮಂಜಿನಲ್ಲಿ ಕಂಬಳಿ ಹೊದ್ದು ಏರಿಯ ಮೇಲೆ ಕುಳಿತರೆ ಬೆರಳು ಮರಗಟ್ಟುತ್ತಿತ್ತೇ ಹೊರತು ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಅಲುಗುತ್ತಿರಲಿಲ್ಲ. ಮೀನುಗಾರನಾದವನು ನಸುಕಿನಲ್ಲಿ ನೀರಿನ ಬಳಿ ಇರಬೇಕು ಎಂಬುದು ಬೇಸಿಗೆಯ ಮಾತು. ಚಳಿಗಾಲದ ಕೊನೆಗೆ, ಗೆಂಡೆ ಮೀನಿನ ಮಟ್ಟಿಗೆ, ಅದು ಬರೀ ನಿದ್ದೆಗೇಡು.

ಈ ಸಲ ಶಿವರಾತ್ರಿಗೆ ಮುಂಚಿನ ಭಾನುವಾರ, ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಟೆ. ನಮ್ಮದು ಭದ್ರಾವತಿ ಕಡೆಯ ಸಣ್ಣ ಕೆರೆ. ಮೀನಿನ ಹಕ್ಕು ಮೀನುಗಾರರ ಸಂಘದವರದು. ಕಾವಲಿಗಿರುವ ಯಜಮಾನರಿಗೆ ನೂರು ರೂಪಾಯಿ ಕೊಟ್ಟರೆ ಸಂಜೆಯವರೆಗೆ ಗಾಳ ಹಾಕಬಹುದು. ಕೇಳದೆ ಹಾಕಿದರೆ ಕೋಲನ್ನೇ ಕಸಿದುಕೊಳ್ಳುತ್ತಾರೆ, ಅದು ನ್ಯಾಯವೇ. ಮರಿ ಬಿಟ್ಟವರು ಅವರು.

ಎಲ್ಲರೂ ತೂಬಿನ ಹತ್ತಿರ, ಆಳದಲ್ಲಿ ಕೂರುತ್ತಾರೆ. ನಾನು ಅಲ್ಲಿಗೆ ಹೋಗಲಿಲ್ಲ. ಬೆಳಗಿನ ಬಿಸಿಲು ಮೊದಲು ಬೀಳುವುದು ಪಡುವಣ ದಂಡೆಯ ಮೇಲೆ. ಅಲ್ಲಿ ನೀರು ಸೊಂಟದ ಆಳ, ಪಕ್ಕದಲ್ಲಿ ಜೊಂಡು. ಮೂಡಣದ ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಇತ್ತಲೇ ತಳ್ಳುತ್ತದೆ. ಗಾಳ ಬಿಡದೆ ಅರ್ಧ ಗಂಟೆ ಸುಮ್ಮನೆ ನೋಡಿದೆ. ಜೊಂಡಿನಿಂದ ಎರಡು ಮಾರು ಆಚೆ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದವು, ಹಿಂದೆಯೇ ನೀರು ಕದಡಿತು. ಗೆಂಡೆ ಜಾತಿಗಳಲ್ಲಿ ಕಟ್ಲಾ ಮೇಲೆ ಮೇಯುತ್ತದೆ, ರೋಹು ನಡುವೆ. ಹೀಗೆ ಕೆಸರು ಅಗೆಯುವವು ಮೃಗಾಲ ಇಲ್ಲವೇ ಸಾಮಾನ್ಯ ಗೆಂಡೆ.

ಎರೆಯನ್ನು ಹಿಂದಿನ ರಾತ್ರಿಯೇ ಮಾಡಿಟ್ಟಿದ್ದೆ. ಎರಡು ಪಾಲು ರಾಗಿ ಹಿಟ್ಟು, ಒಂದು ಪಾಲು ಪುಡಿ ಮಾಡಿದ ಕಡಲೆಕಾಯಿ ಹಿಂಡಿ, ನೆಲ್ಲಿಕಾಯಿ ಗಾತ್ರದ ಬೆಲ್ಲ. ಮುದ್ದೆಯಂತೆಯೇ ಬೇಯಿಸಿ, ಬಿಸಿ ಆರುವ ಮೊದಲು ಹತ್ತಿಯ ಎಳೆಗಳನ್ನು ಬಿಡಿಸಿ ಸೇರಿಸಿ ನಾದಬೇಕು. ಹತ್ತಿ ಇಲ್ಲದಿದ್ದರೆ ಜಿಲೇಬಿ ಮೀನುಗಳು ಐದು ನಿಮಿಷದಲ್ಲಿ ಗಾಳವನ್ನು ತೊಳೆದಿಡುತ್ತವೆ. ಮೀನನ್ನು ಸೆಳೆಯಲು ತೌಡು, ಹಿಂಡಿಯ ಉಂಡೆಗಳನ್ನು ಎಸೆಯುವುದು ವಾಡಿಕೆ. ನಾನು ನಿಂಬೆ ಗಾತ್ರದ ಎರಡನ್ನು ಮಾತ್ರ ಎಸೆದೆ. ಗೆಂಡೆಗೆ ಜಠರವೇ ಇಲ್ಲ, ತಿಂದದ್ದು ನೇರ ಕರುಳಿಗೆ. ತಣ್ಣೀರಿನಲ್ಲಿ ಆ ಕರುಳೂ ನಿಧಾನ. ಹಿಂದೊಮ್ಮೆ ಅರ್ಧ ಬಕೆಟ್ ಸುರಿದು ಎಲ್ಲವುಗಳ ಹೊಟ್ಟೆ ತುಂಬಿಸಿ ಬರಿಗೈಯಲ್ಲಿ ಬಂದಿದ್ದೇನೆ.

ಹನ್ನೊಂದೂವರೆಯವರೆಗೆ ಏನೂ ಇಲ್ಲ. ಯಜಮಾನರು ಬಂದು ನೋಡಿ, "ಮೇಷ್ಟ್ರೇ, ಇಲ್ಲಿ ಎಮ್ಮೆ ಬೀಳುತ್ತದೆ, ಮೀನಲ್ಲ" ಎಂದು ಹೇಳಿ ಹೋದರು.

ಗೆಂಡೆ ಎರೆಯನ್ನು ನುಂಗುವುದಿಲ್ಲ, ಹೀರುತ್ತದೆ, ಹಿಡಿಸದಿದ್ದರೆ ಉಗಿಯುತ್ತದೆ. ಹಾಗಾಗಿ ಬೆಂಡು ಮುಳುಗಲಿ ಎಂದು ಕಾದವನಿಗೆ ತಡವಾಗುತ್ತದೆ. ನಾನು ಸೀಸದ ಗುಂಡನ್ನು ಗಾಳಕ್ಕಿಂತ ಎರಡೇ ಇಂಚು ಮೇಲೆ ಕಟ್ಟುತ್ತೇನೆ. ಮೀನು ಎರೆ ಎತ್ತಿದರೆ ಗುಂಡೂ ಏಳುತ್ತದೆ. ಭಾರ ಕಳೆದುಕೊಂಡ ಬೆಂಡು ಮೇಲೆದ್ದು ಅಡ್ಡಡ್ಡ ಮಲಗುತ್ತದೆ. ಎಳೆಯಬೇಕಾದದ್ದು ಆಗ. ಹನ್ನೆರಡರ ಸುಮಾರಿಗೆ ಅದು ಮಲಗಿತು, ಎಳೆದೆ, ಕೋಲು ಬಾಗಿತು, ಪಟ್ಟೆಂದು ಹಗುರವಾಯಿತು. ತಂಗೂಸಿ, ಅಂದರೆ ಗಾಳದ ದಾರ, ಗಂಟಿನಲ್ಲೇ ತುಂಡಾಗಿತ್ತು. ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ ಬಿಗಿಯಬೇಕೆಂದು ಊರಿಗೆಲ್ಲ ಹೇಳುವ ನಾನು ಅವಸರದಲ್ಲಿ ಒಣಗಂಟು ಬಿಗಿದಿದ್ದೆ. ಒಂದು ಮೀನಿನ ಬಾಯಲ್ಲಿ ನನ್ನ ಗಾಳ ಉಳಿಯಿತಲ್ಲ ಎಂಬುದು ಮೀನು ಹೋದದ್ದಕ್ಕಿಂತ ಹೆಚ್ಚು ಚುಚ್ಚಿತು.

ಒಂದೂ ಕಾಲಿಗೆ ಮತ್ತೆ ಮಲಗಿತು. ಈ ಸಲ ಜೊಂಡಿನ ಕಡೆ ನುಗ್ಗದಂತೆ ಕೋಲನ್ನು ಅಡ್ಡ ಹಿಡಿದು, ಓಡಿದಷ್ಟು ದಾರ ಬಿಟ್ಟು, ನಿಂತಾಗ ಸುತ್ತಿದೆ. ಹತ್ತು ನಿಮಿಷದ ಮೇಲೆ ಬಲೆಚೀಲಕ್ಕೆ ಬಂದದ್ದು ಎರಡೂವರೆ ಕಿಲೋ ಇರಬಹುದಾದ ಗೆಂಡೆ. ಬಾಯಿಯ ಅಂಚಿನಲ್ಲಿ ನಾಲ್ಕು ಮೀಸೆ, ಬಂಗಾರದ ಪಕ್ಕೆ. ಎತ್ತುತ್ತಿದ್ದಂತೆ ಹೊಟ್ಟೆಯಿಂದ ಮೊಟ್ಟೆಗಳು ಸಾಸಿವೆಗಿಂತ ಸಣ್ಣಗೆ ಅಂಗೈಗೆ ಸುರಿದವು.

ಕಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಹರಿಯುವ ಹೊಸ ನೀರು ಬೇಕು. ಅವುಗಳ ಮರಿಯನ್ನು ಮರಿ ಕೇಂದ್ರದಿಂದಲೇ ತರಬೇಕು. ಹೊರದೇಶದಿಂದ ಬಂದ ಈ ಸಾಮಾನ್ಯ ಗೆಂಡೆ ಮಾತ್ರ ಜನವರಿಯಿಂದ ಮಾರ್ಚ್‌ವರೆಗೆ ದಂಡೆಯ ಜೊಂಡಿಗೇ ಬಂದು ಮೊಟ್ಟೆ ಅಂಟಿಸುತ್ತದೆ, ಮಳೆಗಾಲದಲ್ಲಿ ಇನ್ನೊಮ್ಮೆ. ಕಿಲೋ ತೂಕಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ. ಆಳ ಬಿಟ್ಟು ಸೊಂಟದ ನೀರಿಗೆ ಅದು ಬಂದದ್ದು ಬಿಸಿಲು ಕಾಯುವುದಕ್ಕಷ್ಟೇ ಅಲ್ಲ ಎಂದು ನನಗೆ ಹೊಳೆದದ್ದೂ ಆಗಲೇ. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ನೀರಿನಲ್ಲಿ ತಲೆ ಮುಂದಾಗಿ ಹಿಡಿದೆ. ಒಮ್ಮೆ ಬಾಲ ಬೀಸಿ ಮುಖಕ್ಕೆ ಕೆಸರು ಚಿಮ್ಮಿಸಿ ಹೋಯಿತು.

"ದುಡ್ಡು ಕೊಟ್ಟು ಹಿಡಿದು ಬಿಡುವವರನ್ನು ಇವತ್ತೇ ನೋಡಿದ್ದು" ಎಂದರು ಹಿಂದೆ ಬಂದು ನಿಂತಿದ್ದ ಯಜಮಾನರು.

"ಬಿಟ್ಟದ್ದು ನಿಮ್ಮ ಸಂಘಕ್ಕೇ, ಯಜಮಾನರೇ."

ಮೂರು ಗಂಟೆಯೊಳಗೆ ಇನ್ನೆರಡು ಸಿಕ್ಕವು, ಎರಡೂ ಗಂಡು, ಕಿಲೋ ಆಸುಪಾಸಿನವು. ಒಂದನ್ನು ಯಜಮಾನರಿಗೆ ಕೊಟ್ಟೆ. ಇನ್ನೊಂದನ್ನು ಮನೆಯಲ್ಲಿ ಉಪ್ಪು, ಹುಣಸೆಹಣ್ಣಿನಲ್ಲಿ ತಿಕ್ಕಿ ಕೆಸರಿನ ವಾಸನೆ ತೆಗೆದು ಸಾರು ಮಾಡಿದೆವು. ಕವಲುಮುಳ್ಳು ವಿಪರೀತ, ಮಕ್ಕಳಿಗೆ ಬಿಡಿಸಿಯೇ ಕೊಡಬೇಕು.

ನಾಲ್ಕಕ್ಕೆ ಬಿಸಿಲು ಜೊಂಡಿನ ಹಿಂದೆ ಸರಿಯಿತು, ಗುಳ್ಳೆಗಳು ನಿಂತವು. ಸಾಮಾನು ಕಟ್ಟಿ ಏರಿ ಹತ್ತುವಾಗ ಯಜಮಾನರು ಬೀಡಿ ಆರಿಸಿ, ಬೇರೆಲ್ಲೋ ನೋಡುತ್ತಾ ಕೇಳಿದರು:

"ಆ ಮುದ್ದೆಗೆ ಹತ್ತಿ ಎಷ್ಟು ಹಾಕಿದಿರಿ, ಮೇಷ್ಟ್ರೇ?"