ಪ್ಲೇಟಿಂಗ್ ಸ್ಲಡ್ಜ್ ಕೊನೆಗೂ ಕಲ್ಲಾಯ್ತು, ಟೆಸ್ಟೂ ಪಾಸಾಯ್ತು

ಪೀಣ್ಯದಲ್ಲಿ ನಮ್ದು ಜಿಂಕ್, ಕ್ರೋಮ್ ಪ್ಲೇಟಿಂಗ್ ಯೂನಿಟ್ಟು, ಕೊಳಚೆ ನೀರು ಶುದ್ಧ ಮಾಡೋ ಇಟಿಪಿ ನನ್ ತಲೆಗೆ. ಅಲ್ಲಿ ಉಳಿಯೋ ಕೆಸರಿಗೆ, ಅಂದ್ರೆ ಸ್ಲಡ್ಜಿಗೆ, ಸಿಮೆಂಟ್ ಕಲಸಿ ಕ್ರೋಮ್ ಸೋರದಂಗೆ ಕಟ್ಟಾಕ್ತೀನಿ ಅಂದಾಗ ಕೆಮಿಕಲ್ ಸಪ್ಲೈಯರಿಂದ ಹಿಡಿದು ಅಕೌಂಟೆಂಟ್ ತನಕ ಎಲ್ರೂ ನಕ್ರು.

ಮೊದಲ್ನೇ ಸಲ ಫಿಲ್ಟರ್ ಪ್ರೆಸ್ಸಲ್ಲಿ ಹಿಂಡಿ ಇಳಿಸಿದ ಒದ್ದೆ ಸ್ಲಡ್ಜ್ ಕೇಕನ್ನ ಹಂಗೇ 53 ಗ್ರೇಡ್ ಸಿಮೆಂಟ್ ಜೊತೆ ಕಲಸಿ ಕ್ಯೂಬ್ ಮೋಲ್ಡಿಗೆ ತುಂಬಿದೆ, ನಾಕು ದಿನ ಆದ್ರೂ ಬೆರಳಿಟ್ರೆ ತುಪ್ಪದ ಮೈಸೂರ್‌ಪಾಕ್ ಥರ ಒಳಗೆ ಹೋಗ್ತಿತ್ತು. ಜಿಂಕ್ ಇದ್ರೆ ಸೆಟ್ಟಿಂಗ್ ತಡ ಆಗತ್ತೆ ಅಂತ ಗೊತ್ತಿದ್ದೂ ಮಾಡಿದ ತಪ್ಪು. ಸಿಮೆಂಟ್ ಡಬಲ್ ಮಾಡ್ದೆ, ಗಟ್ಟಿಯಾಯ್ತು, ಆದ್ರೆ ಲ್ಯಾಂಡ್‌ಫಿಲ್ ಬಿಲ್ ಬರೋದು ಟನ್ ಲೆಕ್ಕದಲ್ಲಿ! ಸಿಮೆಂಟ್ ಕೊಳ್ಳಕ್ಕೂ ದುಡ್ಡು, ಅದೇ ಸಿಮೆಂಟ್ ಹೂಳ್ಸಕ್ಕೂ ದುಡ್ಡು. ಅಕೌಂಟೆಂಟ್ ನಕ್ಕಿದ್ದು ಇದಕ್ಕೇ ಅಂತೆ.

ಹಂಗಾಗಿ ಮೊದ್ಲು ನೀರು ತೆಗೆಯೋ ಕೆಲಸ. ಟೆರೇಸಲ್ಲಿ ಪಾಲಿಕಾರ್ಬೊನೇಟ್ ಶೀಟ್ ಕೆಳಗೆ ಹರಡಿ ದಿನಕ್ಕೆರಡು ಸಲ ತಿರುವಿದ್ರೆ 70 ಪರ್ಸೆಂಟ್ ತೇವ ಒಂದು ವಾರದಲ್ಲಿ 35ರ ಹತ್ರ ಬರತ್ತೆ, ತೂಕ ಅರ್ಧಕ್ಕಿಂತ ಕಮ್ಮಿ. ಅರ್ಧ ಲಾಭ ಇಲ್ಲೇ ಇರೋದು.

ಆಮೇಲೆ ಟಿಸಿಎಲ್‌ಪಿ, ಅಂದ್ರೆ ಬ್ಲಾಕಿಂದ ವಿಷ ಎಷ್ಟು ಸೋರತ್ತೆ ಅಂತ ನೋಡೋ ಲ್ಯಾಬ್ ಟೆಸ್ಟು. ಕಲ್ಲಿನಂಥಾ ಬ್ಲಾಕ್ ಕಳ್ಸಿದ್ದೆ, 18 ಗಂಟೆ ಆಸಿಡ್ ನೀರಲ್ಲಿ ಉರುಳಿ ಬಂದಾಗ ಕ್ರೋಮ್ ಲೀಟರಿಗೆ 11-12 ಚಿಲ್ರೆ ಮಿಲಿಗ್ರಾಂ, ಲಿಮಿಟ್ 5. ನಾನೇ ಒಂದು ಚೂರು ಕುಟ್ಟಿ, ಹೆಕ್ಸಾವೇಲೆಂಟ್ ಕ್ರೋಮ್ ಇದ್ರೆ ಬಣ್ಣ ತಿರುಗೋ ಡಿಪಿಸಿ ದ್ರಾವಣ ಬಿಟ್ಟು ನೋಡಿದ್ರೆ ನೇರಳೆಹಣ್ಣು ತಿಂದ ನಾಲಿಗೆ ಬಣ್ಣ. ಕ್ರೋಮಿನ ನೀರಲ್ಲಿ ಕರಗೋ, ಜಾಸ್ತಿ ವಿಷದ ಆ ರೂಪ ಇನ್ನೂ ಬದುಕಿತ್ತು, ಅದು ಸಿಮೆಂಟಿಗೆಲ್ಲಾ ಬಗ್ಗಲ್ಲ. ಕೋಪಕ್ಕೆ ಅದನ್ನ ಕರಗದ ರೂಪಕ್ಕೆ ತರೋ ಫೆರಸ್ ಸಲ್ಫೇಟ್ ಜಾಸ್ತಿನೇ ಸುರಿದೆ, ಕ್ರೋಮ್ ಇಳೀತು, ಆದ್ರೆ ಮೂರು ವಾರಕ್ಕೆ ಬ್ಲಾಕುಗಳು ಉಬ್ಬಿ ಮೂಲೆಯಿಂದ ಬಿರುಕು. ಸಲ್ಫೇಟ್ ಹೆಚ್ಚಾದ್ರೆ ಹಿಂಗೇ.

ಕೊನೆಗೆ ಫೆರಸ್ ಅರ್ಧ ಮಾಡಿ, ಸಿಮೆಂಟಲ್ಲಿ 60 ಪರ್ಸೆಂಟ್ ತೆಗೆದು ಬದ್ಲು ಜಿಜಿಬಿಎಸ್ ಸ್ಲ್ಯಾಗ್, ಅಂದ್ರೆ ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ, ಹಾಕಿದೆ, ರೇಟೂ ಕಮ್ಮಿ. ಸ್ಲ್ಯಾಗಲ್ಲಿರೋ ಸಲ್ಫೈಡು ಮಿಕ್ಕಿದ ಹೆಕ್ಸಾವೇಲೆಂಟನ್ನ ನಿಧಾನಕ್ಕೆ ಮುಗಿಸತ್ತೆ. ಗೋಣಿಚೀಲ ಹೊದಿಸಿ 28 ದಿನ ನೀರು ಹಾಕಿ ಒಡೆದು ನೋಡಿದೆ, ಒಳಗೆ ನವಿಲುಬಣ್ಣದ ನೀಲಿ-ಹಸಿರು, ಅದು ಕಂಡ್ರೆ ಸ್ಲ್ಯಾಗ್ ಕೆಲಸ ಮಾಡ್ತಿದೆ ಅಂತ. ರಿಪೋರ್ಟಲ್ಲಿ ಕ್ರೋಮ್ ಒಂದಕ್ಕಿಂತ ಕೆಳಗೆ, ಸತತ ಮೂರು ಬ್ಯಾಚು. ಸುಣ್ಣ ಯಾವ ಹೊತ್ತಿಗೆ ಬೀಳ್ಬೇಕು, ಅದ್ರ ಜೊತೆ ಒಂದು ಹಿಡಿ ಇನ್ನೇನು ಹಾಕ್ತೀನಿ ಅನ್ನೋದು ಮಾತ್ರ ಕೇಳ್ಬೇಡಿ, ಎರಡು ವರ್ಷ ಬೈಸ್ಕೊಂಡು ಕಲ್ತಿದ್ದು.

ಮಧ್ಯೆ ಚಪಲಕ್ಕೆ ಹಳೇ ಮಿಕ್ಸಲ್ಲಿ ಆರು ಪೇವರ್ ಬ್ಲಾಕ್ ಮಾಡಿ ಮಳೆಗಿಟ್ಟಿದ್ದೆ, ಅಂಚಲ್ಲಿ ಹಳದಿ ಗೆರೆ ಬಂತು. ಒಡೆದು ಸ್ಲಡ್ಜ್ ಚೀಲಕ್ಕೇ ವಾಪಸ್. ಅಂಗಳಕ್ಕೆ ಹಾಸೋ ಮಾತು ಯಾರಾದ್ರೂ ಎತ್ತಿದ್ರೆ ಬೈತೀನಿ ಈಗ.

ಎಲ್ಲಾ ಸೇರಿ ಖರ್ಚು ಮೊದಲಿಗಿಂತ ಕಾಲು ಭಾಗ ಇಳಿದಿರಬೇಕು. ಆದ್ರೆ ಜುಲೈನಲ್ಲಿ ಏನೂ ಒಣಗಲ್ಲ, 90 ದಿನದ ಮೇಲೆ ಇಟ್ಕೊಳ್ಳಂಗೂ ಇಲ್ಲ, ಸದ್ಯ ನಲವತ್ತು ಚೀಲ ಶೆಡ್ಡಲ್ಲಿ ಬಿಸಿಲು ಕಾಯ್ತಾ ಕೂತಿವೆ.