ಒತ್ತಕ್ಷರ ಮುರಿಯದೆ ಅಕ್ಷರ ಮೂಡಿಸುವುದು ಹೇಗೆ?

ನವೆಂಬರ್ 1 ಹತ್ತಿರ ಬಂದರೆ ಸಾಕು, ಮೊಬೈಲ್ ತುಂಬ ಹಳದಿ-ಕೆಂಪು. ಕೆಲವು ಚಿತ್ರಗಳಲ್ಲಿ ‘ಕನ್ನಡ ರಾಜ್ಯೋತ್ಸವ’ ಅಂತ ಒಂದೊಂದೇ ಅಕ್ಷರ ಮೂಡಿಬರುತ್ತದೆ. ನೋಡಲು ಚೆಂದ. ಆದರೆ ಕಣ್ಣಿಟ್ಟು ನೋಡಿ, ನಡುವೆ ಎಲ್ಲೋ ಎಡವುತ್ತದೆ. ಮೊದಲು ‘ಕನ್’ ಬರುತ್ತದೆ, ಆಮೇಲೆ ಅದು ‘ಕನ್ನ’ ಆಗುತ್ತದೆ. ‘ರಾಜ್’ ಅಂತ ನಿಂತು, ‘ರಾಜ್ಯ’ ಆಗಿ, ಕೊನೆಗೆ ‘ರಾಜ್ಯೋ’ಗೆ ಬಂದು ಮುಟ್ಟುತ್ತದೆ. ಯಾರೋ ತೊದಲುತ್ತಾ ಶುಭಾಶಯ ಹೇಳಿದ ಹಾಗೆ.

ಇದು ಫಾಂಟಿನ ತಪ್ಪಲ್ಲ. ‘ಜ್ಯೋ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಯೂನಿಕೋಡ್ ಅನ್ನುವ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಅದು ನಾಲ್ಕು ತುಂಡು: ಜ, ಅದರ ಸ್ವರ ತೆಗೆಯುವ ಗುರುತು, ಯ, ಓ ಸ್ವರದ ಗುರುತು. ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಆ್ಯಪ್‌ಗಳು ಈ ನಾಲ್ಕನ್ನೂ ಬೇರೆ ಬೇರೆಯಾಗಿ ತೋರಿಸಿಬಿಡುತ್ತವೆ. ಹಾಗಾಗಿ ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ನಾವೇ ಹೇಳಬೇಕು. ಹಾಗೆ ಅಕ್ಷರ ಮೂಡುವ ಒಂದು ಜಿಫ್, ಅಂದರೆ ತಾನೇ ಓಡುವ ಪುಟ್ಟ ಚಿತ್ರ, ನಾವೇ ಮಾಡೋಣ. ಒಂದು ಸಂಜೆಯ ಕೆಲಸ, ಅಷ್ಟೇ.

ಮೊದಲು ಬಾಯಲ್ಲಿ ಬಿಡಿಸಿ

ಕಂಪ್ಯೂಟರ್ ಆನ್ ಮಾಡುವ ಮೊದಲೇ ಒಂದು ಚೀಟಿ ತಗೊಳ್ಳಿ. ಒಂದನೇ ಕ್ಲಾಸಿನಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದೆವಲ್ಲ, ಹಾಗೆ ಓದಿ: ಕ, ನ್ನ, ಡ, ರಾ, ಜ್ಯೋ, ತ್ಸ, ವ. ಒಟ್ಟು ಏಳು. ಶುರುವಿಗೆ ಒಂದು ಖಾಲಿ ಚಿತ್ರ ಸೇರಿಸಿದರೆ ಎಂಟು. ನಿಮಗೆ ಬೇಕಾಗಿರುವುದು ಒಂದರ ಹಿಂದೊಂದು ಬರುವ ಇಂಥ ಎಂಟು ಚಿತ್ರಗಳು, ಅಂದರೆ ಎಂಟು ಫ್ರೇಮ್‌ಗಳು ಮಾತ್ರ.

‘ಕರ್ನಾಟಕ’ ಅಂತ ಬರೆಯುವವರು ಇನ್ನೂ ಸ್ವಲ್ಪ ಹುಷಾರಾಗಿರಬೇಕು. ಅಲ್ಲಿ ಅರ್ಕಾವತ್ತು ಇದೆ. ಬಾಯಲ್ಲಿ ರ ಮೊದಲು, ಬರಹದಲ್ಲಿ ಅದರ ಗುರುತು ‘ನಾ’ ಆದ ಮೇಲೆ. ‘ಕರ್’ ಅಂತ ಒಂದು ಫ್ರೇಮ್ ಮಾಡಿದರೆ, ಮುಂದಿನ ಫ್ರೇಮಿನಲ್ಲಿ ಆ ರ ಎದ್ದು ಬಲಕ್ಕೆ ಹಾರಿದ ಹಾಗೆ ಕಾಣುತ್ತದೆ. ಕ, ರ್ನಾ, ಟ, ಕ ಅಂತ ನಾಲ್ಕೇ ಮಾಡಿ.

ಹಾಳೆ ಮತ್ತು ಅಕ್ಷರ

ನಾನು ಬಳಸುವುದು ಗಿಂಪ್. ಇದು 1996ರಿಂದ ಪುಕ್ಕಟೆಯಾಗಿ ಸಿಗುತ್ತಿರುವ, ಚಿತ್ರ ತಿದ್ದುವ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಅದರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ.

ಫೈಲ್ ಮೆನುವಿನಲ್ಲಿ ನ್ಯೂ ಒತ್ತಿ, ಅಗಲ 800, ಎತ್ತರ 300 ಪಿಕ್ಸೆಲ್ ಕೊಡಿ. ಹಳದಿ ಬಣ್ಣ ಆರಿಸಿ, ಬಕೆಟ್ ಟೂಲ್‌ನಿಂದ ಹಾಳೆಗೆ ಸುರಿಯಿರಿ. ಬಣ್ಣ ಸಪಾಟಾಗಿರಲಿ. ಜಿಫ್ 1987ರ ಕಾಲದ ಫೈಲ್ ಬಗೆ, ಒಂದು ಫ್ರೇಮಿಗೆ 256 ಬಣ್ಣ ಮಾತ್ರ ಹಿಡಿಸುತ್ತದೆ. ಹಿನ್ನೆಲೆಗೆ ಸೂರ್ಯಾಸ್ತದ ಫೋಟೋ ಹಾಕಿದರೆ ಆಕಾಶವೆಲ್ಲ ಪಟ್ಟೆ ಪಟ್ಟೆಯಾಗುತ್ತದೆ, ಫೈಲೂ ದಪ್ಪಗಾಗುತ್ತದೆ. ನಮ್ಮ ಬಾವುಟದ ಎರಡು ಬಣ್ಣ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. (ಜಿಫ್ ಅನ್ನಬೇಕೋ ಗಿಫ್ ಅನ್ನಬೇಕೋ ಅನ್ನುವ ಜಗಳ ಹಳೆಯದು. ಅದನ್ನು ರೂಪಿಸಿದ ಸ್ಟೀವ್ ವಿಲ್‌ಹೈಟ್ 2013ರಲ್ಲಿ ‘ಜಿಫ್’ ಅಂತಲೇ ಹೇಳಿದರು. ಆದರೂ ಜಗಳ ನಿಂತಿಲ್ಲ.)

ಈಗ ಟೆಕ್ಸ್ಟ್ ಟೂಲ್ ತೆಗೆದುಕೊಂಡು ಪೂರ್ತಿ ಸಾಲನ್ನು ಕೆಂಪಿನಲ್ಲಿ ಬರೆಯಿರಿ: ಕನ್ನಡ ರಾಜ್ಯೋತ್ಸವ. ಗಾತ್ರ 80ರಿಂದ ಶುರುಮಾಡಿ, ಜಾಗ ನೋಡಿಕೊಂಡು ಹೆಚ್ಚುಕಡಿಮೆ ಮಾಡಿ. ಫಾಂಟುಗಳಲ್ಲಿ ‘ನೋಟೋ ಸಾನ್ಸ್ ಕನ್ನಡ’ ಸರಳವಾಗಿದೆ. ‘ಬಲೂ ತಮ್ಮ’ ಗುಂಡುಗುಂಡಾಗಿ ಹಬ್ಬಕ್ಕೆ ಒಪ್ಪುತ್ತದೆ. ಎರಡೂ ಪುಕ್ಕಟೆ. ಫಾಂಟ್ ಬದಲಿಸಿದರೂ ಅಕ್ಷರ ಬದಲಾಗುತ್ತಿಲ್ಲವೇ? ಆ ಫಾಂಟಿನಲ್ಲಿ ಕನ್ನಡ ಇಲ್ಲ ಅಂತ ಅರ್ಥ. ‘ನುಡಿ’ ತಂತ್ರಾಂಶದ ಹಳೆಯ ಫೈಲಿನಿಂದ ತಂದು ಅಂಟಿಸಿದ ಸಾಲು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಂಡರೆ, ಅದು ಯೂನಿಕೋಡ್ ಅಲ್ಲ. ಏಳೇ ಅಕ್ಷರ, ಹೊಸದಾಗಿ ಟೈಪ್ ಮಾಡುವುದೇ ವಾಸಿ.

ಸಾಲನ್ನು ಮೂವ್ ಟೂಲ್‌ನಿಂದ ಎಳೆದು ನಡುಮಧ್ಯಕ್ಕೆ ತನ್ನಿ. ಕೆಳಗಡೆ ಒತ್ತುಗಳಿಗೆ ಜಾಗ ಇದೆಯಾ ನೋಡಿ. ಒಂದು ಎಚ್ಚರ: ಟೆಕ್ಸ್ಟ್ ಟೂಲ್‌ನಲ್ಲಿ ಸಾಲು ಎಡಕ್ಕೆ ಹೊಂದಿರಬೇಕು. ಸೆಂಟರ್ ಆಯ್ಕೆ ಮಾಡಿದರೆ ಅಕ್ಷರ ಅಳಿಸಿದ ಹಾಗೆಲ್ಲ ಉಳಿದವು ಜಾರುತ್ತವೆ.

ಹಿಂದಿನಿಂದ ಅಳಿಸುತ್ತಾ ಬನ್ನಿ

ಗಿಂಪ್‌ನಲ್ಲಿ ಒಂದೊಂದು ಲೇಯರೂ, ಅಂದರೆ ಒಂದರ ಮೇಲೊಂದು ಕೂರುವ ಪದರವೂ, ಒಂದೊಂದು ಫ್ರೇಮ್. ಲೇಯರುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಮೊದಲು ಕಾಣುತ್ತದೆ, ಮೇಲಿರುವುದು ಕೊನೆಗೆ. ಇದು ತಲೆಯಲ್ಲಿರಲಿ.

ಅಕ್ಷರದ ಲೇಯರ್ ಆರಿಸಿ, ಪಟ್ಟಿಯ ಅಡಿಯಲ್ಲಿರುವ ನಕಲು ಬಟನ್ ಒತ್ತಿ. ಅಂಥದ್ದೇ ಇನ್ನೊಂದು ಅದರ ಮೇಲೆ ಕೂರುತ್ತದೆ. ಮೇಲಿನದರ ಕಣ್ಣಿನ ಗುರುತು ಒತ್ತಿ ಮರೆಮಾಡಿ. ಕೆಳಗಿನದರ ಹೆಸರಿನ ಪಕ್ಕದ ಪುಟ್ಟ ಚಿತ್ರದ ಮೇಲೆ ಎರಡು ಸಲ ಕ್ಲಿಕ್ಕಿಸಿ, ಕೊನೆಯ ‘ವ’ ಅಳಿಸಿ. ಈಗ ಈ ಕೆಳಗಿನದನ್ನೇ ಮತ್ತೆ ನಕಲು ಮಾಡಿ, ಮತ್ತೆ ಕೆಳಗಿನದರಲ್ಲೇ ‘ತ್ಸ’ ಅಳಿಸಿ. ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ಇಡೀ ‘ತ್ಸ’ ಹೋಗುವುದಿಲ್ಲ. ಮೊದಲು ‘ತ್’ ಉಳಿಯುತ್ತದೆ, ಆಮೇಲೆ ‘ತ’. ನಮ್ಮ ಆ್ಯಪ್‌ಗಳು ಎಡವುವುದೂ ಇಲ್ಲೇ, ಅಲ್ವಾ? ಪೂರ್ತಿ ಹೋಗುವ ತನಕ ಒತ್ತಿ, ‘ರಾಜ್ಯೋ’ ಬಂದ ಕೂಡಲೇ ನಿಲ್ಲಿಸಿ. ‘ಜ್ಯೋ’ಗೆ ಇನ್ನೂ ಜಾಸ್ತಿ ಸಲ ಒತ್ತಬೇಕು. ಹೀಗೆ ‘ಕ’ ಒಂದೇ ಉಳಿಯುವ ತನಕ ಮಾಡಿ. ಎಲ್ಲ ಸೇರಿ ಅಕ್ಷರದ ಲೇಯರ್ ಏಳಾಗುತ್ತವೆ, ತಾವಾಗಿಯೇ ಸರಿಯಾದ ಸರತಿಯಲ್ಲಿ ಕೂತಿರುತ್ತವೆ.

ಇಲ್ಲಿ ನಿಲ್ಲಿಸಿ, ಫೈಲನ್ನು ಗಿಂಪ್‌ನದೇ ಎಕ್ಸ್‌ಸಿಎಫ್ ರೂಪದಲ್ಲಿ ಸೇವ್ ಮಾಡಿ. ಮುಂದಿನ ಹಂತದಲ್ಲಿ ಅಕ್ಷರಗಳು ಬರೀ ಚಿತ್ರವಾಗಿಬಿಡುತ್ತವೆ, ತಿದ್ದಲು ಬರುವುದಿಲ್ಲ. ಒಮ್ಮೆ ನಾನು ಯುಗಾದಿಗೆ ‘ಶುಬಾಶಯಗಳು’ ಅಂತ ಮಾಡಿ ಮನೆಯವರ ಗುಂಪಿಗೆ ಕಳಿಸಿದ್ದೆ. ಐದು ನಿಮಿಷದಲ್ಲಿ ಚಿಕ್ಕಮ್ಮನ ಉತ್ತರ: “ಏನೋ, ಹೊಟ್ಟೆ ಸೀಳೋದು ಮರೆತ್ಯಾ?” ಒಂದು ಪುಟ್ಟ ಗೀಟು ಹಾಕಲು ಮೊದಲಿನಿಂದ ಎಲ್ಲ ಮಾಡಬೇಕಾಯಿತು.

ಇನ್ನು ಬೇಜಾರಿನ ಕೆಲಸ. ಹಳದಿ ಹಾಳೆಯ ಏಳು ನಕಲು ಮಾಡಿ. ಒಂದೊಂದು ಅಕ್ಷರದ ಲೇಯರಿನ ಕೆಳಗೆ ಒಂದೊಂದು ಹಾಳೆ ಬರುವಂತೆ ಎಳೆದಿಡಿ. ಮರೆಮಾಡಿದ್ದನ್ನೆಲ್ಲ ಮತ್ತೆ ತೋರಿಸಿ. ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ ಮರ್ಜ್ ಡೌನ್ ಒತ್ತಿ. ಏಳೂ ಮುಗಿದಾಗ ಎಲ್ಲಕ್ಕಿಂತ ಕೆಳಗೆ ಒಂದು ಖಾಲಿ ಹಾಳೆ ಉಳಿದಿರುತ್ತದೆ. ಅದೇ ಮೊದಲ ಫ್ರೇಮ್. ಈ ಹಂತ ಬಿಟ್ಟರೂ ಜಿಫ್ ಆಗುತ್ತದೆ, ಆದರೆ ಅಕ್ಷರದ ಅಂಚು ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಜಿಫ್‌ನಲ್ಲಿ ಅರೆಪಾರದರ್ಶಕ ಅನ್ನುವುದೇ ಇಲ್ಲ. ಪಿಕ್ಸೆಲ್ ಇದ್ದರೆ ಪೂರ್ತಿ ಇರುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಎಷ್ಟು ಹೊತ್ತು ನಿಲ್ಲಬೇಕು?

ಲೇಯರಿನ ಹೆಸರಿನಲ್ಲೇ ಸಮಯ ಬರೆಯಬಹುದು. ಎಲ್ಲಕ್ಕಿಂತ ಮೇಲಿನ ಲೇಯರಿನ ಹೆಸರಿನ ಮುಂದೆ ಬ್ರಾಕೆಟ್ ತೆರೆದು 2000 ಹಾಕಿ, ಜಾಗ ಬಿಡದೆ ಇಂಗ್ಲಿಷಿನ ಸಣ್ಣ ಎಮ್ ಮತ್ತು ಎಸ್ ಬರೆದು, ಬ್ರಾಕೆಟ್ ಮುಚ್ಚಿ: (2000ms). ಅಂದರೆ ಎರಡು ಸೆಕೆಂಡ್. ಪೂರ್ತಿ ಸಾಲನ್ನು ಓದಲು ಅಷ್ಟು ಪುರುಸೊತ್ತು ಕೊಡಲೇಬೇಕು. ಉಳಿದವಕ್ಕೆ ಈಗ ಏನೂ ಬರೆಯಬೇಡಿ.

ಫಿಲ್ಟರ್ಸ್ ಮೆನು, ಅದರಲ್ಲಿ ಆನಿಮೇಶನ್, ಅದರಲ್ಲಿ ಪ್ಲೇಬ್ಯಾಕ್. ಇಲ್ಲಿ ಓಡಿಸಿ ನೋಡಿ. ಒತ್ತು ಮುರಿದಿದೆಯಾ, ಅಕ್ಷರ ಜಾರುತ್ತಿದೆಯಾ ಗೊತ್ತಾಗುತ್ತದೆ.

ಸರಿಯಿದ್ದರೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಒತ್ತಿ. ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಜಿ-ಐ-ಎಫ್ ಅಂತ ಇಂಗ್ಲಿಷಿನಲ್ಲಿ ಬರೆಯಿರಿ. ಮುಂದೆ ಬರುವ ಕಿಟಕಿಯಲ್ಲಿ ‘ಆ್ಯಸ್ ಆನಿಮೇಶನ್’ ಟಿಕ್ ಮಾಡುವುದನ್ನು ಮಾತ್ರ ಮರೆಯಬೇಡಿ. ಮರೆತರೆ ಅಲ್ಲಾಡದ ಒಂದೇ ಚಿತ್ರ ಸಿಗುತ್ತದೆ. ‘ಲೂಪ್ ಫಾರೆವರ್’ ಕೂಡ ಟಿಕ್ ಇರಲಿ. ಫ್ರೇಮ್‌ಗಳ ನಡುವಿನ ಸಮಯ 100 ಮಿಲಿಸೆಕೆಂಡ್ ಅಂತ ಇರುತ್ತದೆ. ಅದು ತೀರಾ ಅವಸರ, 300 ಮಾಡಿ. ಹೆಸರಿನಲ್ಲಿ ಸಮಯ ಬರೆಯದ ಫ್ರೇಮ್‌ಗಳಿಗೆಲ್ಲ ಇದೇ ಅನ್ವಯಿಸುತ್ತದೆ.

ಅಕ್ಷರ ಮೂಡಿಸುವ ಬದಲು ಮಿನುಗಿಸಬೇಕು ಅನ್ನುವವರಿಗೆ ಎರಡೇ ಫ್ರೇಮ್ ಸಾಕು, ಒಂದು ಕೆಂಪು ಅಕ್ಷರದ್ದು, ಒಂದು ಖಾಲಿ. ಆದರೆ ಸೆಕೆಂಡಿಗೆ ಮೂರು ಸಲಕ್ಕಿಂತ ಜಾಸ್ತಿ ಮಿನುಗಿಸಬೇಡಿ. ಅಂಥ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುವ ಅಪಾಯವಿದೆ.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಹಾಕಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ. ಮೊದಲು ಒಬ್ಬರಿಗೆ ಮಾತ್ರ ಕಳಿಸಿ. ನಾನು ಈಗ ಚಿಕ್ಕಮ್ಮನಿಗೆ ಕಳಿಸುತ್ತೇನೆ.